ಹೊನ್ನಕ್ಕನ ಬಚ್ಚಲಿಗೆ ಕಾವಿ ನೆಲ

ಜಟ್ಟಪ್ಪ ಸ್ವಂತ ಮನೆಗೆ ಬಂದವನು ಮೊದಲು ಮಾಡಿದ ಕೆಲಸ ಗೋಡೆಗೆ ಮೊಳೆ ಹೊಡೆದದ್ದು. ಜಯಪುರದ ಹತ್ತಿರ, ನಮ್ಮ ಮನೆಗೆ ತಾಗಿಯೇ ಅವನಿಗೆ ಸರ್ಕಾರ ಕಟ್ಟಿಸಿಕೊಟ್ಟ ಮನೆ ಸಿಕ್ಕಿತ್ತು. ಪಕ್ಕದ ಮನೆಯವಳಾದ ನನಗೆ ದಿನವಿಡೀ ಟಕ್ ಟಕ್. ಇರುವುದು ನಾಲ್ಕು ಅಂಗಿ, ಇಷ್ಟೊಂದು ಮೊಳೆ ಯಾಕೆ ಮಾರಾಯ ಎಂದು ಕೇಳಿಯೂ ಬಿಟ್ಟೆ. ಅವನು ನಕ್ಕು ಇನ್ನೊಂದು ಮೊಳೆ ಹೊಡೆದ. ಹುಟ್ಟಿದಾಗಿನಿಂದ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದವನು. ಅಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಅಪ್ಪಣೆ ಬೇಕು. ಹಂಚು ಒಡೆದರೆ ಅವರು ಆಳು ಕಳಿಸುವ ತನಕ ಕೆಳಗೆ ಪಾತ್ರೆ ಇಟ್ಟುಕೊಂಡು ಕೂರಬೇಕು. ತಲೆ ನರೆತ ಮೇಲಾದರೂ ಒಂದು ಗೋಡೆ ಸಿಕ್ಕಿತಲ್ಲ, ಹೊಡೆದುಕೊಳ್ಳಲಿ ಎಂದು ಸುಮ್ಮನಾದೆ.

ಅವನ ಹೆಂಡತಿ ಹೊನ್ನಕ್ಕನಿಗೆ ಬೇಕಿದ್ದದ್ದು ಬಚ್ಚಲು. ಗುಡ್ಡ ಹತ್ತಿ ಇಳಿದು ಅವಳ ಮಂಡಿ ಸವೆದು ಹೋಗಿತ್ತು. ಲೈನಿನಲ್ಲಿ ಮೀಯಲು ಇಳಿಜಾರು ಇಳಿಯಬೇಕು, ಕೊನೆಕೊನೆಗೆ ಯಾರಾದರೂ ತೋಳು ಹಿಡಿಯಬೇಕಿತ್ತು. ಅವಳಿಗೆ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. "ಇನ್ನು ನನ್ನ ಕಾಲಲ್ಲೇ ಹೋಗಿ ಮಿಂದು ಬರ್ಬಹುದು ಸೀತಕ್ಕ, ಅಷ್ಟು ಸಾಕು" ಎಂದಿದ್ದಳು, ಮನೆಗೆ ಬಂದ ದಿನ.

ಆದರೆ ಕಟ್ಟಿದವನು ಬಚ್ಚಲ ನೆಲವನ್ನು ಅರೆಬರೆ ಮಾಡಿ ಹೋಗಿದ್ದ. ಹೊಂಡ ಬಿದ್ದು ನೀರು ನಿಲ್ಲುತ್ತಿತ್ತು. ಗಾರೆಯವರನ್ನು ಕರಿ ಎಂದು ಎಲ್ಲರೂ ಹೇಳಿದರು. ಕೇಳಬೇಕಲ್ಲ ಈ ಆಸಾಮಿ! ನನ್ನ ಮನೆ, ನಾನೇ ಮಾಡುತ್ತೇನೆ ಎಂಬ ಹಟ. ಜೀವಮಾನದಲ್ಲಿ ಕರಣೆ ಹಿಡಿದವನಲ್ಲ. ದಿನಾ ಸಂಜೆ ಬಚ್ಚಲ ಬಾಗಿಲಲ್ಲಿ ಕೂತು ನೆಲ ನೋಡುತ್ತಿದ್ದ. ನೀರು ಸುರಿದು, ಅದು ಎತ್ತ ಹರಿಯುತ್ತದೆಂದು ಇದ್ದಿಲಿನಲ್ಲಿ ಗೆರೆ ಎಳೆದ. ಫೋನಿನಲ್ಲಿ ವಿಡಿಯೋ ನೋಡಿದ. ಮನೆ ಕಟ್ಟಿ ನೋಡು ಅನ್ನುತ್ತಾರೆ, ಇವನದ್ದು ಕಟ್ಟಿದ ಮನೆ ರಿಪೇರಿ ಮಾಡಿ ನೋಡು.

ಎಂಥ ನೆಲ ಹಾಕುತ್ತಾನೆ ಎಂಬುದನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಪ್ರಾಯದಲ್ಲಿ ಹೊನ್ನಕ್ಕ ಎಸ್ಟೇಟಿನ ಸಾಹುಕಾರರ ಬಂಗಲೆಯ ಜಗಲಿ ಒರೆಸಲು ಹೋಗುತ್ತಿದ್ದಳು. ಅದು ಕಾವಿ ನೆಲ. ಸಿಮೆಂಟಿಗೆ ಕೆಂಪು ಬಣ್ಣ ಕಲಸಿ, ನುಣುಪು ಕಲ್ಲಿನಲ್ಲಿ ಉಜ್ಜಿ ಉಜ್ಜಿ ಹೊಳಪು ತಂದದ್ದು. ಕೊಬ್ಬರಿ ಎಣ್ಣೆ ಸವರಿ ಒರೆಸಿದರೆ ಮುಖ ಕಾಣುತ್ತಿತ್ತಂತೆ. ಮಂಡಿಯೂರಿ ಒರೆಸಿದ್ದೇ ಬಂತು, ಒಂದು ದಿನವೂ ಅದರ ಮೇಲೆ ಕೂತವಳಲ್ಲ. ಕೂಲಿಯವರು ಕೂರುವುದು ಕೆಳಗೆ, ಅಂಗಳದಲ್ಲಿ. ಅಂಥ ನೆಲ ನಮಗೂ ಇದ್ದಿದ್ದರೆ ಎಂದು ಯಾವಾಗಲೋ ಗಂಡನ ಹತ್ತಿರ ಅಂದಿದ್ದಳು. ಅವನು ಅದನ್ನು ಮರೆತಿರಲಿಲ್ಲ.

ಹೊನ್ನಕ್ಕ ಮೇಗುಂದದ ಮಗಳ ಮನೆಗೆ ಹೋದಾಗ ಕೆಲಸ ಹಿಡಿದ. ನಾನೂ ಬೇಗಾರಿನ ತವರಿಗೆ ಹೋಗಿದ್ದೆ. ಕಾವಿ ನೆಲ ಹಾಕಿದ, ಕಲ್ಲಿನಲ್ಲಿ ಉಜ್ಜಿದ, ಎಣ್ಣೆ ಸವರಿದ. ಮೊದಲ ಕೆಲಸಕ್ಕೆ ಅಷ್ಟು ಚೆಂದ ಬಂದದ್ದೇ ಹೆಚ್ಚು. ಜಗಲಿ ನುಣ್ಣಗಿರಬೇಕು, ಬಚ್ಚಲು ತರಿತರಿಯಾಗಿರಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಬಂಗಲೆಯ ಜಗಲಿಯನ್ನು ಅಂಗಳದಲ್ಲಿ ನಿಂತು ನೋಡಿದ್ದ. ಬಂಗಲೆಯ ಬಚ್ಚಲು ನೋಡಲು ಅವನನ್ನು ಒಳಗೆ ಬಿಟ್ಟವರು ಯಾರು?

ವಾಪಸು ಬಂದ ಹೊನ್ನಕ್ಕ ಬಚ್ಚಲ ಬಾಗಿಲಲ್ಲಿ ನಿಂತು ಅತ್ತಳಂತೆ. ಬಗ್ಗಿ ನೆಲ ಮುಟ್ಟಿ ಮುಟ್ಟಿ ನೋಡಿದಳಂತೆ. ಆಮೇಲೆ ಮೀಯಲು ಹೋದಳು. ಸೋಪು ಹಚ್ಚಿಕೊಂಡು ಏಳುವಾಗ ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆದರೆ ಇನ್ನು ನಡೆಯುವುದು ಕಷ್ಟ ಎಂದುಬಿಟ್ಟರು ಡಾಕ್ಟರು. ನನಗೆ ಸಿಟ್ಟು ಬಂದದ್ದಕ್ಕೆ ಲೆಕ್ಕವಿಲ್ಲ. ಅವಳನ್ನು ಆಸ್ಪತ್ರೆಯಿಂದ ಕರೆತಂದ ಮೇಲೆ ಜಟ್ಟಪ್ಪನನ್ನು ಬೈಯಬೇಕೆಂದೇ ಅವರ ಮನೆಗೆ ಹೋದೆ.

ಜಟ್ಟಪ್ಪ ಉಳಿ, ಸುತ್ತಿಗೆ ಹಿಡಿದು ಬಚ್ಚಲಲ್ಲಿ ಕೂತಿದ್ದ. ನೆಲಕ್ಕೆ ಕಚ್ಚು ಹಾಕಿ ತರಿ ಮಾಡುತ್ತಾನಂತೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ. ಸುತ್ತಿಗೆಯ ಒಂದು ಪೆಟ್ಟು ಬಿದ್ದದ್ದೇ, ಮಂಚದಿಂದ ಹೊನ್ನಕ್ಕ ಕೂಗಿದಳು.

"ಕೆತ್ತಬೇಡಿ ಅದನ್ನ. ನಾನಿನ್ನು ಅಲ್ಲಿಗೆ ಹೋಗೋದು ಅಷ್ಟ್ರಲ್ಲೇ ಇದೆ. ಚೆಂದ ಆಗಿದೆ, ಇರ್ಲಿ ಬಿಡಿ."

ಅವನು ಉಳಿ ಕೆಳಗಿಟ್ಟು ಅಲ್ಲೇ ಕೂತು ಅತ್ತ. ಗಂಡಸು ಅಷ್ಟು ಜೋರಾಗಿ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಈಗ ಹೊನ್ನಕ್ಕನ ಮಂಚ ಬಚ್ಚಲ ಬಾಗಿಲಿಗೆ ಎದುರಾಗಿದೆ. ಅವಳೇ ಹಾಗೆ ಹಾಕಿಸಿಕೊಂಡದ್ದು. ಜಟ್ಟಪ್ಪ ಮೀಯುವುದು ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಬಚ್ಚಲಿಗೆ ಯಾರೂ ಕಾಲಿಡುವುದಿಲ್ಲ. ಆದರೂ ದಿನಾ ಬೆಳಿಗ್ಗೆ ಅವನು ಮಂಡಿಯೂರಿ ಆ ನೆಲ ಒರೆಸುತ್ತಾನೆ. ಅವಳು ಮಲಗಿದಲ್ಲಿಂದಲೇ ನೋಡುತ್ತಾಳೆ.

"ಆ ಮೂಲೆ ಬಿಟ್ಟೋಯ್ತು ನೋಡಿ" ಅನ್ನುತ್ತಾಳೆ.

ಅವನು ಹಿಂದೆ ಸರಿದು ಆ ಮೂಲೆಯನ್ನೂ ಒರೆಸುತ್ತಾನೆ.