ಕದದ ಹಿಂದಿನ ಓದು

ಇಂದು ಸೋಮವಾರ, ಸಂಜೆ ಆರು ಗಂಟೆ. ಮನೆಯವರು ಸಂತೆಗೆ ಹೋಗಿದ್ದರು, ಇದ್ದವನು ನಾನೊಬ್ಬನೇ. ಹಿಂದಿನ ಕೋಣೆಯ ಚಿಲಕ ಬಿಗಿಯಾಗಿತ್ತು. ಎರಡು ಹನಿ ಕುಸುಬಿ ಎಣ್ಣೆ ಬಿಟ್ಟೆ. ಆ ವಾಸನೆಗೆ ಗುರುಗಳು ನೆನಪಾದರು.

ಧಾರವಾಡದಲ್ಲಿ ನಾನು ಅವರ ಸಂಶೋಧನಾ ಸಹಾಯಕನಾಗಿದ್ದೆ. ಹಳ್ಳಿಯ ಮಕ್ಕಳು ಚೆನ್ನಾಗಿ ಓದಲೆಂದು ಅವರೊಂದು ಪದ್ಧತಿ ಕಟ್ಟಿದ್ದರು: ಶಾಲೆ ಬಿಟ್ಟ ಮೇಲೆ ದಿನಾ ಒಂದು ತಾಸು ಹೆಚ್ಚಿನ ಓದು. ಅದಕ್ಕೆ ತಮ್ಮ ಯೌವನವನ್ನೇ ಕೊಟ್ಟಿದ್ದರು. ತಾಸಿಗೆ ಕೂತ ಮಕ್ಕಳ ಅಂಕಗಳನ್ನು ಕೂರದವರ ಅಂಕಗಳೊಂದಿಗೆ ಹೋಲಿಸಿ ನಾನು ಅವರ ಬಳಿಗೆ ಓಡಿ ಬಂದೆ.

“ಸರ್, ವ್ಯತ್ಯಾಸ ಸಾರ್ಥಕ ಬಂತ್ರಿ!”

ಆಕಸ್ಮಿಕವೆಂದು ತಳ್ಳಿಹಾಕಲಾಗದ ವ್ಯತ್ಯಾಸಕ್ಕೆ ಸಂಖ್ಯಾಶಾಸ್ತ್ರದಲ್ಲಿ ಹಾಗೆನ್ನುತ್ತಾರೆ. ಅಷ್ಟು ಸಾಕಿತ್ತು, ಪದ್ಧತಿ ಎಲ್ಲ ಶಾಲೆಗಳಿಗೂ ಹೋಗುತ್ತಿತ್ತು.

ಅವರು ನಗಲಿಲ್ಲ. “ಯಾರಿಗೆ ಸಾರ್ಥಕ ಆತೋ ಮಾರಾಯಾ? ಸಾವಿರಾರು ಹುಡುಗರನ್ನ ಅಳದ್ರ ಕೂದಲೆಳಿಯಷ್ಟು ಫರಕೂ ಸಾರ್ಥಕ ಅಂತ ಬರತೈತಿ. ಫರಕು ಐತಿ, ಖರೇ. ಎಷ್ಟೈತಿ?”

ಮರುದಿನವೇ, ಆ ತಾಸು ನಡೆಯುತ್ತಿದ್ದ ಹೆಬ್ಬಳ್ಳಿಗೆ ಹೋದೆವು. ಶಾಲೆಯ ಚಿಲಕ ಜಂಗು ಹಿಡಿದಿತ್ತು. ಪಕ್ಕದ ಮನೆಯಿಂದ ಕುಸುಬಿ ಎಣ್ಣೆ ತರಿಸಿ ಗುರುಗಳೇ ಅದಕ್ಕೆ ಬಿಟ್ಟರು. ಎರಡೂ ಗುಂಪಿನಿಂದ ಸರದಿಯಂತೆ ಒಬ್ಬೊಬ್ಬರನ್ನು ಒಳಗೆ ಕೂರಿಸಿ, ಕದ ಮುಚ್ಚಿ, ತಾವು ಹೊರಗೆ ಕೂತು, ಒಂದೇ ಪಾಠ ಓದಿಸಿದರು. ಓದು ಕೇಳಿ, ತಾಸಿಗೆ ಕೂತವರು ಯಾರೆಂದು ತಾವೇ ಹೇಳಬೇಕು. ತಪ್ಪಿದರು. ಮತ್ತೆ ತಪ್ಪಿದರು. ಸರಿಯಾದದ್ದೂ ತಪ್ಪಿದ್ದೂ ಸಮಸಮ.

ಒಬ್ಬಳು ಕದದ ಸಂದಿಯಿಂದ ಇಣುಕಿ ನಕ್ಕಳು: “ಸರ, ಛಲೋ ಓದಿದಾಕಿ ನಾನ ರೀ! ನಿಮ್ಮ ತಾಸಿಗೆ ನಾ ಬಂದ ಇಲ್ಲ!”

ಮಕ್ಕಳೆಲ್ಲ ಮನೆಗೆ ಹೋದರು. ಗುರುಗಳು ಮಾತ್ರ ಕದಕ್ಕೆ ಕಿವಿಗೊಟ್ಟು ಕೂತೇ ಇದ್ದರು.

“ಇನ್ನೊಂದು ದನಿ ಐತಿ... ಕೇಳ.”

ನನಗೂ ಕೇಳಿಸಿತು. ಎಲ್ಲೂ ತಡವರಿಸದ, ಸಣ್ಣ ದನಿ. ಎದ್ದು ಚಿಲಕ ತೆಗೆದೆ. ಒಳಗೆ ಬೆಂಚುಗಳಷ್ಟೇ ಇದ್ದವು...

ವರದಿಯಲ್ಲಿ ಅವರೇ ಬರೆದರು: ವ್ಯತ್ಯಾಸ ನಿಜ, ಆದರೆ ಮಕ್ಕಳಿಂದ ದಿನಕ್ಕೊಂದು ತಾಸು ಕಸಿದುಕೊಳ್ಳುವಷ್ಟು ದೊಡ್ಡದಲ್ಲ. ಪದ್ಧತಿ ಅಲ್ಲಿಗೇ ನಿಂತಿತು. ಆಮೇಲೆ ಅವರು ಹೊಸದೇನನ್ನೂ ಕಟ್ಟಲಿಲ್ಲ.

ತೀರಿಕೊಂಡ ದಿನ, ಅವರ ಮನೆತನದ ರೂಢಿಯಂತೆ, ಅವರನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ತಲೆ ಒಂದು ಕಡೆಗೆ ವಾಲಿ, ಕಿವಿ ಒಳಮನೆಯ ಕದದ ಕಡೆಗಿತ್ತು, ಥೇಟ್ ಆ ಸಂಜೆಯಂತೆ. ಬಂದವರೆಲ್ಲ ಸಾರ್ಥಕ ಬದುಕು ಎಂದರು. ಎಷ್ಟು ಎಂದು ಯಾರೂ ಕೇಳಲಿಲ್ಲ. ಕೇಳುವವರು ಅವರೊಬ್ಬರೇ ಇದ್ದರು.

ಹಿಂದಿನ ಕೋಣೆಯ ಚಿಲಕದಲ್ಲಿ ಹೆಚ್ಚಾದ ಎಣ್ಣೆ ಒರೆಸಿದೆ. ಮುಚ್ಚಿದ ಕದದ ಹಿಂದೆ ಯಾರೋ ಓದುತ್ತಿದ್ದರು, ಎಲ್ಲೂ ತಡವರಿಸದೆ. ಈ ಸಲ ನಾನು ತೆಗೆದು ನೋಡಲಿಲ್ಲ. ಪಾಠ ಮುಗಿಯುವವರೆಗೆ ನಿಂತು ಕೇಳಿ, ಚಿಲಕ ಹಾಕಿದೆ. ಸಲೀಸಾಗಿ ಬಿತ್ತು.