ಮೂವತ್ತೆರಡು ದಿನ ಕಣ್ಣಿಲ್ಲದ ಶಟರ್

ಮಂಗಳವಾರ, ಬೆಳಿಗ್ಗೆ ಏಳು ಹನ್ನೆರಡು. ನಮ್ಮ ಗ್ಯಾರೇಜಿನ ಶಟರ್ ಆಯಿಯ ಮೇಲೆ ಇಳಿಯಿತು. ಗುಂಡಿ ಒತ್ತಿದ್ದು ನಾನು.

ಆ ದಿನದ ಪುಟದಲ್ಲಿ ಇಷ್ಟೇ ಇದೆ. ಬೇರೆ ದಿನಗಳಲ್ಲಿ ನನ್ನ ಡೈರಿಯ ಪುಟ ಅಂಚಿನವರೆಗೂ ತುಂಬಿರುತ್ತದೆ: ತಪ್ಪಿದ ಲೋಕಲ್ ರೈಲುಗಳು, ಹೊಸ ಸಿಲಿಂಡರ್ ಹಚ್ಚಿದ ದಿನ, ಆಯಿಯ ಬಿ.ಪಿ., ಶಟರ್‌ಗೆ ಗ್ರೀಸ್ ಹಾಕಿದ್ದು. ಹದಿನಾಲ್ಕನೆಯ ವಯಸ್ಸಿನಿಂದ ಹೀಗೆ ಬರೆಯುತ್ತಿದ್ದೇನೆ. ಬರೆದಿಟ್ಟರೆ ಯಾವುದೂ ಕೈತಪ್ಪುವುದಿಲ್ಲ ಎಂದು ನಂಬಿದ್ದೆ.

ಭಾಂಡುಪ್‌ನಲ್ಲಿ ನಮ್ಮದು ಸಾಲುಮನೆ. ಕೆಳಗೆ ಗ್ಯಾರೇಜು, ಅದರ ಹಿಂಭಾಗದಿಂದ ಮೇಲಕ್ಕೆ ಮೆಟ್ಟಿಲು. ಬೇರೆ ಬಾಗಿಲಿಲ್ಲ. ಕಾರು, ನನ್ನ ಸ್ಕೂಟರ್, ಹಾಲಿನವನು, ನೆಂಟರು, ಎಲ್ಲರೂ ಮೋಟಾರಿನ ಆ ಶಟರ್ ಕೆಳಗಿಂದಲೇ ಬರಬೇಕು. ಆಯಿ ಎಂದರೆ ಅಪ್ಪನ ತಾಯಿ. ಧಾರವಾಡದಿಂದ ಬಂದು ಹನ್ನೊಂದು ವರ್ಷವಾದರೂ ಈ ಊರಿನಲ್ಲಿ ಅವಳಿಗೆಂದು ಇರುವುದು ಅರ್ಧ ಗಂಟೆ. ಬೆಳಿಗ್ಗೆ ಏಳೂವರೆಗೆ ಯಾರ ಕೈಯನ್ನೂ ಹಿಡಿಯದೆ ಕೆಳಗಿಳಿದು, ಹೊಸ್ತಿಲಲ್ಲಿ ಮಣೆ ಹಾಕಿಕೊಂಡು ರಂಗೋಲಿ ಬಿಡುತ್ತಾಳೆ, ಎದುರು ಮನೆಯ ಮರಾಠಿ ಹೆಂಗಸು, ನಾವು ಕಾಕು ಎಂದು ಕರೆಯುವವಳ ಜೊತೆ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡುತ್ತಾಳೆ. "ಅದನ್ನೂ ಬಿಡಿಸಿದ್ರ ನಾ ಅಟ್ಟದ ಮ್ಯಾಲೆ ಇಟ್ಟ ಟ್ರಂಕು" ಎನ್ನುತ್ತಾಳೆ.

ಹೊಸ್ತಿಲು ಎಂದೆ. ನಮ್ಮ ಮನೆಯಲ್ಲಿ ಹೊಸ್ತಿಲೆಂದರೆ ಶಟರ್ ಇಳಿದು ಕೂರುವ ಗೆರೆ.

ಕೆಟ್ಟದ್ದು ಶುರುವಾದದ್ದು ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ. ನಮ್ಮ ಕಡೆಯವರು ಅವತ್ತು ಕೆಲಸಕ್ಕೆ ಬರುವ ಒಂದು ವಸ್ತುವನ್ನೂ ಬಿಡುವುದಿಲ್ಲ. ಅವ್ವ ಕಾರು, ಸ್ಕೂಟರ್, ಮಿಕ್ಸರ್, ಈಳಿಗೆ, ನನ್ನ ಲ್ಯಾಪ್‌ಟಾಪ್, ಎಲ್ಲಕ್ಕೂ ವಿಭೂತಿ, ಅರಿಷಿಣ, ಕುಂಕುಮ ಹಚ್ಚಿದಳು. ಸಂಜೆ ಶಟರ್ ಮುಚ್ಚಲು ಹೋದರೆ ಒಂದು ಗೇಣು ಇಳಿದು ಮತ್ತೆ ಮೇಲಕ್ಕೆ ಹೋಯಿತು. ಐದು ಸಲ ಒತ್ತಿದೆ, ಐದು ಸಲವೂ ಅದೇ. ಶಟರ್‌ನ ಕಂಬದ ಬುಡದಲ್ಲಿ ಎರಡೂ ಬದಿಗೆ ಬಟನ್ನಿನಷ್ಟು ಚಿಕ್ಕ ಸೆನ್ಸರ್ ಇವೆ. ನಡುವೆ ಏನಾದರೂ ಬಂದರೆ ಶಟರ್ ಇಳಿಯಬಾರದು, ಅದು ಅವುಗಳ ಕೆಲಸ. ಅಲ್ಲಿ ಏನೂ ಇರಲಿಲ್ಲ. ಸೆನ್ಸರ್ ಕೆಟ್ಟಿದೆ ಎಂದುಕೊಂಡು ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಅಭೀ ಟೈಮ್ ನಹೀ ಹೈ ಮ್ಯಾಡಮ್, ದಶಹರಾ ಹೈ. ಡಬ್ಬಾ ಖೋಲೋ, ಸೆನ್ಸರ್ ಕಾ ದೋ ವಾಯರ್ ನಿಕಾಲ್ ಕೇ ಆಪಸ್ ಮೇ ಜೋಡ್ ದೋ. ಬಾದ್ ಮೇ ಆತಾ ಹೂಂ."

ಅವನು ಹೇಳಿದಂತೆ ಮೋಟಾರಿನ ಡಬ್ಬಿ ತೆರೆದೆ, ಸೆನ್ಸರಿನ ಎರಡು ತಂತಿಗಳನ್ನು ಬಿಚ್ಚಿ ಒಂದಕ್ಕೊಂದು ಹೊಸೆದು ಟೇಪ್ ಸುತ್ತಿದೆ. ಶಟರ್ ಸಲೀಸಾಗಿ ಇಳಿಯಿತು. ಡೈರಿಯಲ್ಲಿ ಬರೆದೆ: "ಸೆನ್ಸರ್ ಬಂದ್. ತಾತ್ಕಾಲಿಕ." ಅದರ ಕೆಳಗೆ ಅವ್ವ ಹೇಳಿದ್ದನ್ನೂ ಬರೆದಿದ್ದೇನೆ: "ಎಂಜಿನಿಯರ್ ಆಗಿ ಕಲ್ತದ್ದು ಒಂದಿನಾನಾದ್ರೂ ಉಪಯೋಗಕ್ಕ ಬಂತು ನೋಡವಾ." ಹೊಗಳಿಕೆ ಎಂದೇ ಬರೆದುಕೊಂಡಿದ್ದೆ.

ಆಮೇಲೆ ಬರುತ್ತೇನೆ ಎಂದಿದ್ದ ಮೆಕ್ಯಾನಿಕ್ ಬರಲಿಲ್ಲ. ನಾನೂ ಮತ್ತೆ ಕರೆಯಲಿಲ್ಲ. ಪ್ರತಿ ಭಾನುವಾರ ಮುಂದಿನ ವಾರದ ಕೆಲಸಗಳ ಪಟ್ಟಿ ಮಾಡುವಾಗ "ಶಟರ್‌ನವನಿಗೆ ಫೋನ್" ಎಂದು ಹಳೆಯ ಪಟ್ಟಿಯಿಂದ ಹೊಸದಕ್ಕೆ ಇಳಿಸಿಕೊಂಡೆ. ಐದು ಭಾನುವಾರ, ಐದು ಸಲ. ಆಮೇಲೆ ಎಣಿಸಿದೆ: ಮೂವತ್ತೆರಡು ದಿನ, ಕೊನೆಯ ಬೆಳಿಗ್ಗೆಗೆ ಮುಂಚೆ ಶಟರ್ ಮುಚ್ಚಿದ್ದು ನೂರಾ ಇಪ್ಪತ್ತೊಂದು ಸಲ, ತೊಂದರೆ ಸೊನ್ನೆ.

ಮೂವತ್ತೆರಡನೆಯ ದಿನ ತುಳಸಿ ಲಗ್ನ. ದೊಡ್ಡ ರಂಗೋಲಿ ಬಿಡಬೇಕೆಂದು ಆಯಿ ಅಂದು ಬೇಗ ಎದ್ದಿದ್ದಳು. ನನಗೆ ಅದು ಗೊತ್ತಿರಲಿಲ್ಲ. ವಿಲೆ ಪಾರ್ಲೆಯ ಆಫೀಸಿಗೆ ನಾನು ಹೊರಡುವುದು ಏಳು ಹತ್ತರ ಆಸುಪಾಸಿಗೆ. ಸ್ಕೂಟರನ್ನು ಇಳಿಜಾರಿಗೆ ಇಳಿಸಿ, ಎಡಗೈಯಲ್ಲಿ ರಿಮೋಟ್ ಒತ್ತಿ, ಹಿಂತಿರುಗಿ ನೋಡದೆ ಹೋಗುವುದು ರೂಢಿ. ಶಟರ್ ಪೂರ್ತಿ ಇಳಿಯಲು ಹದಿನೆಂಟು ಸೆಕೆಂಡು. ಅಷ್ಟು ಹೊತ್ತು ಕಾಯುವ ಅಗತ್ಯ ನನಗೆ ಎಂದೂ ಕಂಡಿರಲಿಲ್ಲ.

ನಾನು ಹೊರಬಿದ್ದ ಬೆನ್ನಿಗೇ ಆಯಿ ಕಾರಿನ ಹಿಂದಿನಿಂದ ಬಂದು ಗೆರೆಯ ಮೇಲೆ ಮಣೆ ಹಾಕಿದ್ದಾಳೆ. ಕಿವಿಯ ಮಷಿನ್ ಹಾಕಿಕೊಂಡಿರಲಿಲ್ಲ. ಮೊಮ್ಮಗಳು ತನಗಾಗಿ ಶಟರ್ ತೆರೆದಿಟ್ಟು ಹೋದಳು ಎಂದುಕೊಂಡಳಂತೆ.

ಮೊದಲು ಕೇಳಿಸಿದ್ದು ಮೋಟಾರಿನ ಸದ್ದು. ಭಾರ ಎತ್ತುವವರು ಮುಲುಗಿದಂತೆ ಅದು ಬದಲಾಯಿತು. ಆಮೇಲೆ ಎದುರು ಮನೆಯ ಕಾಕು, ನಿಲ್ಲಿಸು, ಅಜ್ಜಿ ಕೆಳಗಿದ್ದಾಳೆ ಎಂದು ಚೀರಿದಳು: "ಅಗಂ ಥಾಂಬ! ಆಜೀ ಆಹೇತ ಖಾಲೀ!"

ತಿರುಗಿ ನೋಡಿದೆ. ಶಟರ್‌ನ ಕೆಳಗಿನ ಕಬ್ಬಿಣದ ಪಟ್ಟಿ ಆಯಿಯ ಎಡ ಭುಜದ ಮೇಲಿತ್ತು, ಇನ್ನೂ ಇಳಿಯುತ್ತಿತ್ತು. ಅವಳು ಮುಂದಕ್ಕೆ ಮಡಚಿಹೋಗಿದ್ದಳು. ಎರಡೂ ಅಂಗೈ ರಂಗೋಲಿ ಪುಡಿಯಲ್ಲಿ ಊರಿದ್ದವು. ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ. ರಿಮೋಟಿನಲ್ಲಿ ಮೂರು ಗುಂಡಿ: ಮೇಲೆ, ನಿಲ್ಲು, ಕೆಳಗೆ. ನಾನು ಒತ್ತಿದೆ. ನನ್ನ ಹೆಬ್ಬೆರಳು "ಕೆಳಗೆ" ಗುಂಡಿಯ ಮೇಲೇ ಇತ್ತು. ಮತ್ತೆ ಒತ್ತಿದೆ, ಮತ್ತೆ ಅದೇ ಗುಂಡಿ. ಕಾಕು ಬರಿಗಾಲಲ್ಲಿ ಓಡಿಬಂದು ಎರಡೂ ಕೈಯಿಂದ ಪಟ್ಟಿಯನ್ನು ಎತ್ತಿ ಹಿಡಿದಳು. ಆಗ ನಾನು ರಿಮೋಟನ್ನು ಮುಖದ ಮುಂದೆ ಹಿಡಿದು, ಅಕ್ಷರ ಕಲಿಯುವ ಮಗುವಿನಂತೆ ನೋಡಿ, "ಮೇಲೆ" ಒತ್ತಿದೆ. ಎಷ್ಟು ಸೆಕೆಂಡು ಆಗಿತ್ತು, ಗೊತ್ತಿಲ್ಲ.

ಆಯಿ ಪಕ್ಕಕ್ಕೆ ಒರಗಿದಳು. ಮುಖದ ಒಂದು ಬದಿ ಪೂರಾ ಬಿಳಿ ಪುಡಿ. ಸತ್ತಳು ಎಂದುಕೊಂಡೆ. ಅವಳು ಕಣ್ಣು ತೆರೆದು, "ಯಾರ ದೂಡಿದ್ರು ನನ್ನ?" ಎಂದಳು.

ಕೊರಳೆಲುಬು ಬಿರುಕು ಬಿಟ್ಟಿತ್ತು, ಬೆನ್ನಿಗೆ ಪೆಟ್ಟಾಗಿತ್ತು. ಆರು ವಾರ ಕೈಯನ್ನು ಕೊರಳಿಗೆ ನೇತುಹಾಕುವ ಜೋಳಿಗೆ. "ತಲೆಯ ಮೇಲೆ ಬಿದ್ದಿದ್ದರೆ" ಎಂದು ಶುರುಮಾಡಿದ ಡಾಕ್ಟರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಶನಿವಾರ ಬೇರೆ ಮೆಕ್ಯಾನಿಕ್ ಬಂದ. ವಯಸ್ಸಾದವನು, ಮಾತು ಕಡಿಮೆ. ಡಬ್ಬಿಯಲ್ಲಿ ನಾನು ಹೊಸೆದ ತಂತಿ ನೋಡಿ ನಾಲಿಗೆ ಲೊಚಗುಟ್ಟಿದ. ತಂತಿಗಳನ್ನು ಮೊದಲಿದ್ದಂತೆ ಜೋಡಿಸಿ, ಸೆನ್ಸರ್ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂಗಿಯ ಅಂಚಿನಿಂದ ಅದನ್ನು ಒರೆಸಿದ. ಬಟ್ಟೆ ಕೆಂಪಾಯಿತು. ಸೆನ್ಸರಿನ ಹಸಿರು ದೀಪ ಹೊತ್ತಿಕೊಂಡಿತು.

"ಸೆನ್ಸರ್ ತೋ ಏಕದಮ್ ಠೀಕ್ ಹೈ. ಇಸ್ ಪೇ ಯೇ ಲಾಲ್ ಕ್ಯಾ ಲಗಾಯಾ?"

ಕೆಟ್ಟೇ ಇರಲಿಲ್ಲ. ಮೂವತ್ತೆರಡು ದಿನವೂ ಸರಿಯಾಗಿಯೇ ಇತ್ತು. ಬಾಗಿ ಒಂದು ಸಲ ನೋಡಿದ್ದರೆ ಸಾಕಿತ್ತು.

ಮೆಟ್ಟಿಲಲ್ಲಿ ನಿಂತಿದ್ದ ಅವ್ವ, "ನಾನಽ ಕುಂಕುಮ ಹಚ್ಚಿದ್ದೆ" ಎಂದಳು. "ಎರಡು ಕಣ್ಣಿದ್ದಂಗ ಕಂಡ್ವು. ಎಲ್ಲಾಕ್ಕೂ ಹಚ್ಚಿ ಅವನ್ನಷ್ಟ ಹೆಂಗ ಬಿಡೂದು ಅಂತ..."

ಮೆಕ್ಯಾನಿಕ್ ಇನ್ನೊಂದನ್ನೂ ತೋರಿಸಿದ. ಮೋಟಾರ್ ಬಿಡಿಸಿ ಶಟರನ್ನು ಕೈಯಿಂದ ಅರ್ಧಕ್ಕೆ ಎತ್ತಿ ಬಿಟ್ಟ. ಸ್ಪ್ರಿಂಗ್ ಸರಿ ಇದ್ದರೆ ಅದು ಅಲ್ಲೇ ನಿಲ್ಲಬೇಕಂತೆ. ನಮ್ಮದು ದಢಾರನೆ ಬಿತ್ತು. ತಿಂಗಳ ಮೊದಲ ತಾರೀಖು ತಪ್ಪದೆ ಗ್ರೀಸ್ ಹಾಕಿ ಸರಿ ಗುರುತು ಹಾಕುತ್ತಿದ್ದವಳು ನಾನು. ಎತ್ತಿ ಬಿಟ್ಟು ನೋಡಿದ್ದು ಒಂದು ಸಲವೂ ಇಲ್ಲ, ಗೆರೆಯ ಮೇಲೆ ಒಂದು ಕಟ್ಟಿಗೆ ತುಂಡಿಟ್ಟು ಶಟರ್ ನಿಲ್ಲುತ್ತದೆಯೇ ಎಂದು ನೋಡಿದ್ದೂ ಇಲ್ಲ. ಸ್ಪ್ರಿಂಗ್ ಅವನೇ ಬದಲಿಸಿದ. ಅದಕ್ಕೆ ಮಾತ್ರ ನೀವು ಕೈ ಹಾಕಬೇಡಿ, ಬಿಗಿದ ಸ್ಪ್ರಿಂಗ್ ಚಿಮ್ಮಿದರೆ ಬೆರಳು ಉಳಿಯುವುದಿಲ್ಲ ಎಂದ.

ಅಂದು ಮಧ್ಯಾಹ್ನ ಅವ್ವ ಆಯಿಯ ಮಂಚದ ಹತ್ತಿರ ಕೂತು ಅತ್ತಳು. "ನನ್ನ ಕೈಲೇ ಆತು ಅತ್ತಿ. ಈ ಕೈ ಸುಡಲಿ." ನಾನು ಡೈರಿ ತಂದು ಆ ಪುಟ ತೆರೆದು ಓದಿದೆ: ಸೆನ್ಸರ್ ಬಂದ್, ತಾತ್ಕಾಲಿಕ. ಐದು ಭಾನುವಾರಗಳ ಪಟ್ಟಿಯನ್ನೂ ಓದಿದೆ. "ಕುಂಕುಮದಿಂದ ಶಟರ್ ಮುಚ್ಚಲಿಲ್ಲ, ಅಷ್ಟೇ. ಬೀಳೋ ಹಂಗ ಮಾಡಿದ್ದು ನಾನು" ಎಂದೆ.

ಆಯಿ ನಮ್ಮಿಬ್ಬರನ್ನೂ ನೋಡಿದಳು. "ಬಿದ್ದದ್ದು ನನ್ನ ಮ್ಯಾಲೆ, ಅಳೂದು ನೀವು. ಸುಮ್ಮನ ಒಂದ್ ಕಪ್ ಚಾ ತರ್ರಿ."

ನಾವು ನಕ್ಕೆವು. ಎಲ್ಲ ಮುಗಿಯಿತು ಎಂದುಕೊಂಡೆವು.

ಮುಗಿದಿರಲಿಲ್ಲ. ಜೋಳಿಗೆ ತೆಗೆದ ಮೇಲೆ ಆಯಿ ಮೆಟ್ಟಿಲಿಳಿದು ಕಾರಿನವರೆಗೆ ಬಂದು ನಿಂತುಬಿಟ್ಟಳು. ಶಟರ್ ಪೂರಾ ಮೇಲಿತ್ತು, ಹೊರಗೆ ಬಿಸಿಲಿತ್ತು, ಎದುರಿನಿಂದ ಕಾಕು ಕೈಬೀಸಿ ಕರೆದಳು. ಆಯಿ ಮೇಲಿನ ಸುರುಳಿಯನ್ನೇ ನೋಡುತ್ತಿದ್ದಳು. ತಿರುಗಿ ಮೆಟ್ಟಿಲೇರಿದಳು. ಮರುದಿನವೂ ಹಾಗೆಯೇ. ಒಂಬತ್ತು ದಿನ ಹಾಗೆಯೇ. ಒಡೆದ ಎಲುಬಿಗಿಂತ ನನಗೆ ಅದೇ ಹೆಚ್ಚು ಬಡಿಯಿತು. ಅವಳ ಅರ್ಧ ಗಂಟೆಯನ್ನು ನಾನು ಕಿತ್ತುಕೊಂಡಿದ್ದೆ.

ಹತ್ತನೆಯ ದಿನ ಅವಳೇ, "ಆ ರಿಮೋಟ್ ಕೊಡಿಲ್ಲೆ" ಎಂದಳು. ಕೊಟ್ಟೆ. "ಹೋಗಿ ಗೆರಿ ಮ್ಯಾಲೆ ನಿಂದ್ರು."

ಶಟರ್‌ನ ಪಟ್ಟಿಯ ನೇರ ಕೆಳಗೆ ಹೋಗಿ ನಿಂತೆ. ಹಸಿರು ದೀಪ ಹೊತ್ತಿತ್ತು. ಕಟ್ಟಿಗೆ ತುಂಡಿಟ್ಟು ಹಿಂದಿನ ದಿನವಷ್ಟೇ ಮೂರು ಸಲ ಪರೀಕ್ಷೆ ಮಾಡಿದ್ದೆ. ಆದರೂ ನನ್ನ ಕತ್ತು ತಾನಾಗಿ ಒಳಗೆಳೆದುಕೊಂಡಿತು. ಆಯಿಯ ಹೆಬ್ಬೆರಳು ಗುಂಡಿಯ ಮೇಲಿತ್ತು.

"ಹೆದರಿದೇನ?"

"ಹೂಂ ಆಯಿ."

"ಹೆದರು."

ಅವಳು ಒತ್ತಿದಳು. ಮೋಟಾರು ಗುಂಯ್ ಎಂದಿತು, ಪಟ್ಟಿ ಒಂದು ಗೇಣು ಇಳಿಯಿತು, ನಿಂತಿತು, ಮೇಲಕ್ಕೆ ಹೋಯಿತು. ಆಯಿ ಇನ್ನೊಂದು ಸಲ ಒತ್ತಿ ನೋಡಿದಳು. ಆಮೇಲೆ ಕಾರನ್ನು ಹಿಡಿದುಕೊಳ್ಳುತ್ತ ಹತ್ತಿರ ಬಂದು, ನನ್ನನ್ನು ಅಲ್ಲೇ ನಿಲ್ಲಿಸಿ, ನನ್ನ ಪಕ್ಕದಿಂದ ದಾಟಿ ಬಿಸಿಲಿಗೆ ಹೋದಳು. ರಿಮೋಟನ್ನು ಹಿಂದಕ್ಕೆ ಕೊಡಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.