ಸಾಹೇಬರು ಪೂರ್ತಿ ಕೇಳದ ಮಗ್ಗುಲು

ಮೈಲೂರಿನ ಮಚ್ಛೇಂದ್ರ ಬೀದರದ ಅಧಿಕಾರಿಗಳ ಕ್ಲಬ್ಬಿನಲ್ಲಿ ಹದಿನಾಲ್ಕು ವರ್ಷ ಗ್ರಾಮೋಫೋನಿಗೆ ಚಾವಿ ಕೊಟ್ಟ. ಅವನಿಗೊಂದು ಕುರ್ಚಿ ಕೊಟ್ಟವರಿಲ್ಲ. ತಟ್ಟೆಯ ಮೇಲೆ ಮುಳ್ಳು ಇಳಿಸಬೇಕು, ಬಾಗಿಲಾಚೆ ಹೋಗಿ ನಿಲ್ಲಬೇಕು. ಅವನು ಮುಟ್ಟಿದ ನೀರು ಸಾಹೇಬರಿಗೆ ಆಗುತ್ತಿರಲಿಲ್ಲ. ಅವನು ಹಚ್ಚಿದ ಹಾಡು ಆಗುತ್ತಿತ್ತು.

ಆ ಹಾಡುಗಳಲ್ಲಿ ಅಮೆರಿಕದ ಜಾಝ್ ಅವನ ತಲೆಗೇರಿತು. ಗೀರು ಬಿತ್ತೆಂದು ಸಾಹೇಬರು ಎಸೆದ ತಟ್ಟೆಗಳನ್ನು ಹಳೆಯ ಧೋತರದಲ್ಲಿ ಸುತ್ತಿ ಮನೆಗೆ ತಂದ. ಔರಾದಿನ ವಕೀಲರೊಬ್ಬರ ಅಟ್ಟದಿಂದ ಎರಡು ಬೇಡಿ ತಂದ. ಕೆಟ್ಟ ಗ್ರಾಮೋಫೋನ್ ಪೆಟ್ಟಿಗೆಯೊಂದನ್ನು ತಾನೇ ರಿಪೇರಿ ಮಾಡಿಕೊಂಡ. ಇಪ್ಪತ್ತೇಳು ತಟ್ಟೆ ಕೂಡಿದರೂ ಬೇಕಾದದ್ದೊಂದು ಕ್ಲಬ್ಬಿನ ಕಪಾಟಿನಲ್ಲೇ ಉಳಿಯಿತು. ಕರಿಯನೊಬ್ಬ ತುತ್ತೂರಿ ಊದಿದ ತಟ್ಟೆ ಅದು. ಅದರ ಒಂದು ಮಗ್ಗುಲಿಗೆ ಸಾಹೇಬರು ಕುಣಿಯುತ್ತಿದ್ದರು. ಇನ್ನೊಂದು ಮಗ್ಗುಲು ನಾಲ್ಕು ಸುತ್ತು ತಿರುಗುವುದರೊಳಗೆ ‘ಬಂದ್ ಮಾಡೋ’ ಎನ್ನುತ್ತಿದ್ದರು. ಅದನ್ನೊಮ್ಮೆ ಪೂರ್ತಿ ಕೇಳಬೇಕು, ಅಷ್ಟೇ ಅವನ ಆಸೆ. ಊದಿದವನೇ ಬಂದಿದ್ದರೂ ಬಾಗಿಲಾಚೆ ತನ್ನ ಪಕ್ಕದಲ್ಲೇ ನಿಲ್ಲಬೇಕಾಗುತ್ತಿತ್ತು ಎಂಬುದು ಅವನಿಗೆ ಗೊತ್ತಿತ್ತು.

ಐವತ್ತಾರರ ನವೆಂಬರಿನಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಹಳೆಯ ಸಾಹೇಬರು ಹೈದರಾಬಾದಿಗೆ ಹೋದರು, ಹೊಸಬರು ಬಂದರು. ರಾಜ್ಯ ಬದಲಾಯಿತು, ಬಾಗಿಲಾಚೆಯ ಜಾಗ ಮಾತ್ರ ಮಚ್ಛೇಂದ್ರನ ಹೆಸರಿಗೇ ಉಳಿಯಿತು. ಅವನು ನಾಲ್ಕು ದಿನ ರಜೆಯಲ್ಲಿದ್ದಾಗ ಹೊಸ ಮ್ಯಾನೇಜರು ತಟ್ಟೆಗಳನ್ನೆಲ್ಲ ಭಾಲ್ಕಿಯ ಬಳೆಗಾರ ಅಬ್ದುಲ ಸಮದನಿಗೆ ತೂಕಕ್ಕೆ ಹಾಕಿಬಿಟ್ಟ. ಆಗಿನ ತಟ್ಟೆಗಳಲ್ಲಿ ಅರಗು ಇರುತ್ತಿತ್ತು. ಕರಗಿಸಿದರೆ ಬಳೆ.

ಸುದ್ದಿ ತಿಳಿದ ಮರುದಿನವೇ ಮಚ್ಛೇಂದ್ರ ಪೆಟ್ಟಿಗೆ ಹೊತ್ತು ಭಾಲ್ಕಿಯ ರೈಲು ಹತ್ತಿದ. ಹೆಂಡತಿ ಶೇವಂತಾಬಾಯಿಯೂ ಹೊರಟಳು.

‘ಮಂದಿ ಹೆಂಡ್ತಿಗಿ ಬಳಿ ಇಡಸ್ಲಾಕ ಭಾಲ್ಕಿಗಿ ಹೋಗ್ತಾರ,’ ಎಂದಳು. ‘ನೀವು ಬಳಿ ಆಗೋದು ತಪ್ಪಸ್ಲಾಕ ಹೊಂಟೀರಿ.’

ಸಮದನ ಅಂಗಳದಲ್ಲಿ ಅರಗು ಕುದಿಯುತ್ತಿತ್ತು. ‘ನಿಮ್ಮ ರಿಕಾರ್ಡ್ ಎಲ್ಲಾ ಬಳಿ ಆಗ್ಯಾವ ನೋಡ್ರಿ,’ ಎಂದು ಸಮದ ಹೊಳೆಯುವ ರಾಶಿ ತೋರಿಸಿದ. ಮಚ್ಛೇಂದ್ರ ಪೆಟ್ಟಿಗೆ ಇಳಿಸಿ ಅಲ್ಲೇ ಕುಳಿತ. ಅವನ ಮುಖ ನೋಡಿ ಸಮದನ ಹೆಂಡತಿ ವಜೀರಬೀ ನೀರು ಕೊಡಲು ಗಡಿಗೆಯ ಮುಚ್ಚಳ ತೆಗೆದಳು. ಆ ಮುಚ್ಚಳವೇ ತುತ್ತೂರಿಯವನ ತಟ್ಟೆ.

‘ಅದು ಕೊಡ್ರಿ ಅಕ್ಕಾ.’

‘ಯಾಕ ಕೊಡ್ಲಿ? ಗಡಿಗಿಗಿ ಬರೋಬರ್ ಕೂಡ್ತದ.’

‘ನಡುವ ತೂತದ ಅಲ್ಲಾ,’ ಎಂದ ಸಮದ. ‘ದಿನಾ ಇರಿವಿ ಬಿದ್ದ ನೀರು ಕುಡಿತೀವಿ.’

‘ನೀವು ಸುಮ್ಮನಿರ್ರಿ,’ ಎಂದು ಗಂಡನನ್ನು ಗದರಿಸಿ ಮಚ್ಛೇಂದ್ರನ ಕಡೆ ತಿರುಗಿದಳು. ‘ಹಾಡ್ತಂದ್ರ ಒಯ್ರಿ. ಹಾಡಲಿಲ್ಲಂದ್ರ ನನ್ನ ಮುಚ್ಚಳ ನನಗ.’

ಮಚ್ಛೇಂದ್ರ ತಟ್ಟೆ ಒರೆಸಿದ, ಚಾವಿ ಕೊಟ್ಟ, ಎರಡನೆಯ ಮಗ್ಗುಲು ಹಚ್ಚಿದ. ಕರಕರ ಸಪ್ಪಳದೊಳಗಿಂದ ತುತ್ತೂರಿ ಮೆಲ್ಲಗೆ, ಯಾರನ್ನೋ ಕರೆದಂತೆ ಎದ್ದಿತು. ಸಾಹೇಬರು ನಿಲ್ಲಿಸುತ್ತಿದ್ದ ಜಾಗವೂ ಬಂತು. ಯಾರೂ ಏನೂ ಅನ್ನಲಿಲ್ಲ. ಅಲ್ಲಿಂದ ಮುಂದೆ ಡೋಲು ಕೂಡಿತು, ತುತ್ತೂರಿ ಕಟ್ಟು ಬಿಚ್ಚಿದ ಕರುವಿನಂತೆ ಓಡಿತು. ಮಚ್ಛೇಂದ್ರ ಬಾಯಿ ತೆರೆದುಕೊಂಡೇ ಕುಳಿತಿದ್ದ.

‘ಯಾರ ಮ್ಯಾಲ ಇಷ್ಟು ಸಿಟ್ಟಾಗ್ಯಾನ ಇಂವಾ?’ ಎಂದಳು ವಜೀರಬೀ.

‘ಸಿಟ್ಟೆಲ್ಲಿ ಅದ, ನಗ್ಲತ್ಯಾನ,’ ಎಂದ ಸಮದ.

‘ಎರಡೂ ಅದ,’ ಎಂದಳು ಶೇವಂತಾಬಾಯಿ.

ಮುಳ್ಳು ನಡುವಿಗೆ ಬಂದು ನಿಂತಿತು. ವಜೀರಬೀ ಗಡಿಗೆಗೆ ಊಟದ ತಾಟು ಮುಚ್ಚಿದಳು.

‘ಒಯ್ರಿ,’ ಎಂದಳು. ‘ಆದ್ರ ಇನ್ನೊಂದು ಸಲ ಕೇಳ್ಸಿ ಒಯ್ರಿ.’

ಮಚ್ಛೇಂದ್ರ ಮತ್ತೆ ಚಾವಿ ಕೊಡತೊಡಗಿದ.